ಹಗೆಯ ಡೇರೆಯಲ್ಲಿ ಇಬ್ಬರ ಕಣ್ಣೀರು: ‘ಇಲಿಯಡ್’ ಕಲಿಸುವ ಪಾಠ

ಪ್ರಾಚೀನ ಗ್ರೀಸಿನ ಕವಿ ಹೋಮರನ ‘ಇಲಿಯಡ್’ 24 ಸರ್ಗಗಳ, 15 ಸಾವಿರಕ್ಕೂ ಮಿಕ್ಕಿದ ಸಾಲುಗಳ ಮಹಾಕಾವ್ಯ. ಅದು ಆರಂಭವಾಗುವುದೇ ಗ್ರೀಕ್ ವೀರ ಅಕಿಲಿಸನ ಕೋಪದಿಂದ. ತನ್ನ ಗೆಳೆಯನನ್ನು ಕೊಂದ ಟ್ರಾಯ್ ರಾಜಕುಮಾರ ಹೆಕ್ಟರನನ್ನು ವಧಿಸಿದರೂ ಅವನ ಸಿಟ್ಟು ತಣಿಯದು. ಶವವನ್ನು ರಥಕ್ಕೆ ಕಟ್ಟಿ ಎಳೆಯುತ್ತಾನೆ.

ಕೊನೆಯ ಸರ್ಗದಲ್ಲಿ ಹೆಕ್ಟರನ ವೃದ್ಧ ತಂದೆ, ದೊರೆ ಪ್ರಿಯಾಮ್, ರಾತ್ರಿ ವೇಳೆ ಅಕಿಲಿಸನ ಡೇರೆಗೆ ಬರುತ್ತಾನೆ. ಮಗನನ್ನು ಕೊಂದ ಕೈಗಳಿಗೇ ಮುತ್ತಿಟ್ಟು, ನಿನ್ನ ತಂದೆಯನ್ನು ನೆನೆದು ಮಗನ ಶವವನ್ನಾದರೂ ಕೊಡು ಎಂದು ಬೇಡುತ್ತಾನೆ. ತಾನು ಊರಿಗೆ ಮರಳಲಾರೆನೆಂದು ಅರಿತಿದ್ದ ಅಕಿಲಿಸನಿಗೂ ದುಃಖ ಉಮ್ಮಳಿಸುತ್ತದೆ. ಇಬ್ಬರೂ ಅಳುತ್ತಾರೆ, ಬಳಿಕ ಒಟ್ಟಿಗೆ ಉಣ್ಣುತ್ತಾರೆ.

ಅಂತ್ಯಕ್ರಿಯೆಗಾಗಿ 11 ದಿನ ಕದನವಿರಾಮ. ಮತ್ತೆ ಯುದ್ಧ ನಡೆಯಲಿದೆಯೆಂದು ಇಬ್ಬರಿಗೂ ಗೊತ್ತು. ಆದರೂ ಕಾವ್ಯ ಮುಗಿಯುವುದು ಗೆದ್ದವರ ಜಯಘೋಷದಿಂದಲ್ಲ, ಹೆಕ್ಟರನ ಅಂತ್ಯಸಂಸ್ಕಾರದಿಂದ. ಹಗೆಯವನಿಗೂ ಕಾಯುವ ತಂದೆಯೊಬ್ಬನಿದ್ದಾನೆ ಎಂಬ ಈ ನೆನಪು ಇಂದಿಗೂ ಹಳತಾಗಿಲ್ಲ.