ಮರ ಕಡಿಯುವ ಮುನ್ನ ಒಂದು ಅರ್ಜಿ

ಹೊಲದ ಬದುವಿನ ಹೊನ್ನೆ, ಕೆರೆಯಂಚಿನ ಮತ್ತಿ, ಹಿತ್ತಲ ತೇಗ ಇವೆಲ್ಲ ಹಿರಿಯರಿಂದ ಬಂದ ಸೊತ್ತು. ಇವನ್ನು ಕಡಿಯಲು ಸರಕಾರದ ಅಪ್ಪಣೆ ಏಕೆ ಬೇಕು ಎಂಬ ಪ್ರಶ್ನೆ ಊರಕಟ್ಟೆಗಳಲ್ಲಿ ಆಗಾಗ ಕೇಳಿಬರುತ್ತದೆ. ಪ್ರಶ್ನೆ ಸಹಜವಾದುದೇ. ಆದರೆ ಮರವು ನಿಂತಿರುವ ನೆಲ ಒಬ್ಬನದಾದರೂ ಅದರ ನೆರಳು, ಗಾಳಿ, ಅದು ಹಿಡಿದಿಟ್ಟ ಮಣ್ಣು ಒಬ್ಬನದಲ್ಲ. ಈ ವಿವೇಕವನ್ನೇ ಆಧಾರವಾಗಿಟ್ಟುಕೊಂಡು ನಮ್ಮ ರಾಜ್ಯದಲ್ಲಿ 1976ರಲ್ಲಿ ವೃಕ್ಷ ಸಂರಕ್ಷಣಾ ಕಾಯಿದೆ ರೂಪುಗೊಂಡಿತು. ಅದರ ನಡೆಯನ್ನು ಪ್ರತಿ ಕುಟುಂಬವೂ ಅರಿತಿರುವುದು ಒಳಿತೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಈ ಕಾಯಿದೆಯ ಮೇರೆಗೆ ಮರ ಕಡಿಯುವುದೆಂದರೆ ಬುಡಕ್ಕೆ ಕೊಡಲಿ ಹಾಕುವುದಷ್ಟೇ ಅಲ್ಲ. ತೊಗಟೆಯನ್ನು ಸುತ್ತಲೂ ಸುಲಿದು ಒಣಗಿಸುವುದು, ಬೆಂಕಿ ಇಡುವುದು, ಔಷಧ ಹಾಕಿ ಕೊಲ್ಲುವುದು, ಕೊಂಬೆಗಳನ್ನು ಸವರಿಹಾಕುವುದು ಇವೂ ಅದರಲ್ಲಿಯೇ ಸೇರುತ್ತವೆ. ಎಲ್ಲ ಜಾತಿಯ ಮರಗಳಿಗೂ ಅಪ್ಪಣೆ ಬೇಕೆಂದಿಲ್ಲ. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್ ಮೊದಲಾದವುಗಳಿಗೆ ವಿನಾಯಿತಿ ಉಂಟು. ಈ ಪಟ್ಟಿ ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಕಡಿಯುವ ಮುನ್ನ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸುವುದೇ ಕ್ಷೇಮ.

ಅಪ್ಪಣೆ ನೀಡುವ ಅಧಿಕಾರ ವೃಕ್ಷಾಧಿಕಾರಿಯದು. ಜಮೀನಿನ ಒಡೆಯನು ಪಹಣಿ ಮೊದಲಾದ ದಾಖಲೆಗಳೊಡನೆ ಲಿಖಿತ ಅರ್ಜಿ ಸಲ್ಲಿಸಬೇಕು. ಯಾವ ಮರ, ಎಷ್ಟು ಮರ, ಏತಕ್ಕಾಗಿ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಪಹಣಿ ಜಂಟಿಯಾಗಿದ್ದರೆ ಉಳಿದ ಹಕ್ಕುದಾರರ ಒಪ್ಪಿಗೆಯನ್ನೂ ಮೊದಲೇ ಪಡೆದಿರುವುದು ಲೇಸು. ಅಣ್ಣತಮ್ಮಂದಿರ ನಡುವೆ ಮುಂದೆ ಮಾತು ಬೆಳೆಯದಿರಲು ಇದೇ ಉಪಾಯ. ಬಳಿಕ ಅಧಿಕಾರಿಯು ಮರವನ್ನು ಪರಿಶೀಲಿಸಿ, ಅಗತ್ಯವೆನಿಸಿದರೆ ವಿಚಾರಣೆ ನಡೆಸಿ, ಪೂರ್ತಿಯಾಗಿಯೋ ಭಾಗಶಃವೋ ಅಪ್ಪಣೆ ಕೊಡಬಹುದು, ನಿರಾಕರಿಸಲೂಬಹುದು. ಆ ತೀರ್ಮಾನ ಲಿಖಿತವಾಗಿರಬೇಕು, ಕಾರಣಸಹಿತವಾಗಿರಬೇಕು. ಬರಿಯ ಬಾಯಿಮಾತಿನ "ಆಗುವುದಿಲ್ಲ" ಎಂಬುದು ಆದೇಶವಲ್ಲ. ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಕಾಯಿದೆಯಲ್ಲಿ ಅವಕಾಶವಿದೆ.

ಕಾಯಿದೆಯು ಗೃಹಸ್ಥರ ಕಷ್ಟವನ್ನು ಅರಿಯದೆ ರಚಿತವಾದುದೆಂದು ತಿಳಿಯಬಾರದು. ಸತ್ತ, ರೋಗ ತಗುಲಿದ, ಗಾಳಿಗೆ ಉರುಳಿದ ಮರ. ಪ್ರಾಣಕ್ಕೋ ಆಸ್ತಿಗೋ ಅಪಾಯ ತರುವ ಮರ. ಸಂಚಾರಕ್ಕೆ ಅಡ್ಡಿಯಾದ ಮರ. ಬೆಂಕಿ, ಸಿಡಿಲು, ಮಳೆಯಿಂದ ಬಹುವಾಗಿ ಹಾಳಾದ ಮರ, ಇವುಗಳಿಗೆ ಅಪ್ಪಣೆಯನ್ನು ನಿರಾಕರಿಸಲಾಗದೆಂದು ಕಾಯಿದೆ ಹೇಳುತ್ತದೆ. ಗ್ರಾಮಾಂತರದಲ್ಲಿ ಸೌದೆ, ಮೇವು, ನೇಗಿಲು ನೊಗಗಳಂತಹ ಒಕ್ಕಲುತನದ ಉಪಕರಣ, ಮನೆವಾರ್ತೆಯ ಪ್ರಾಮಾಣಿಕ ಬಳಕೆ ಇವೂ ಆ ಸಾಲಿನಲ್ಲಿಯೇ ಇವೆ. ನಿಜವಾದ ಕಾರಣವೇ ಬಲವಾಗಿರುವಾಗ ಸುಳ್ಳು ಕಾರಣವನ್ನು ಬರೆಯಿಸುವುದೇಕೆ?

ಇಲ್ಲಿಯೇ ನಮ್ಮ ಜನ ಎಡವುತ್ತಾರೆ. ನಾವು ಬಲ್ಲ ಒಂದು ಮನೆತನದಲ್ಲಿ ಮಗಳ ಮದುವೆಯ ವೆಚ್ಚಕ್ಕೆಂದು ಒಂದು ಹೊನ್ನೆಯನ್ನು ಮಾರಲು ನಿಶ್ಚಯಿಸಿದರು. ಕಚೇರಿಯ ಓಡಾಟವನ್ನೆಲ್ಲ ತಾನೇ ನೋಡಿಕೊಳ್ಳುವುದಾಗಿ ಹೇಳಿ ಮರದ ವ್ಯಾಪಾರಿಯೊಬ್ಬನು ಖಾಲಿ ಕಾಗದಕ್ಕೆ ಯಜಮಾನರ ಸಹಿ ಪಡೆದನು. ಅಪ್ಪಣೆ ದೊರೆತದ್ದು ಒಂದು ಮರಕ್ಕೆ, ನೆಲಕ್ಕುರುಳಿದ್ದು ಮೂರು. ದಾರಿಯಲ್ಲಿ ದಿಮ್ಮಿಗಳು ಜಪ್ತಿಯಾದವು, ವ್ಯಾಪಾರಿ ಕಣ್ಮರೆಯಾದನು. ಅರ್ಜಿ ಇದ್ದುದು ಯಜಮಾನರ ಹೆಸರಿನಲ್ಲಿ, ಮೊಕದ್ದಮೆಯೂ ಅವರ ಹೆಸರಿನಲ್ಲಿಯೇ ನಡೆಯಿತು. ಮದುವೆಗೆ ಕೂಡಬೇಕಾದ ಹಣ ವಕೀಲರ ಪಾಲಾಯಿತು. ಅರ್ಜಿಯೆಂಬುದು ಒಡೆಯನು ಕೊಟ್ಟ ಮಾತು. ಅದನ್ನು ಇನ್ನೊಬ್ಬನ ಕೈಯಲ್ಲಿ ಬರೆಯಿಸಿದರೂ ಹೊಣೆ ತನ್ನದೇ. ಅಪ್ಪಣೆ ಸಿಕ್ಕ ಮಾತ್ರಕ್ಕೆ ದಿಮ್ಮಿಯನ್ನು ಗಾಡಿಗೇರಿಸಬಹುದೆಂದೂ ತಿಳಿಯಬಾರದು, ಸಾಗಣೆಗೆ ಬೇಕಾದ ಪರವಾನಗಿ ಬೇರೆಯೇ ಉಂಟು. ಶ್ರೀಗಂಧದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. 2001ರ ತಿದ್ದುಪಡಿಯ ಬಳಿಕ ಜಮೀನಿನ ಒಡೆಯನಿಗೇ ಗಂಧದ ಮರದ ಹಕ್ಕು ದೊರೆತಿದ್ದರೂ ಅದನ್ನು ಕಡಿಯಲು, ಮಾರಲು ಅರಣ್ಯ ಇಲಾಖೆಯ ನಿಯಮಗಳಿಗೆ ಒಳಪಟ್ಟೇ ನಡೆಯಬೇಕು.

ಒಂದು ಮನೆಯ ಮರದ ಮಾತು ಹೀಗಾದರೆ, ಊರಿನ ಮರಗಳ ಮಾತು ಇನ್ನೊಂದು ಬಗೆ. 50ಕ್ಕಿಂತ ಹೆಚ್ಚು ಮರಗಳನ್ನು ತೆಗೆಯಬೇಕಾದಾಗ ವೃಕ್ಷಾಧಿಕಾರಿಯು ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಅಂತಹ ಪ್ರಕಟಣೆಯನ್ನು ಓದದೆ ಬಿಟ್ಟು, ಮರ ಬಿದ್ದ ಮೇಲೆ ಮರುಗಿದರೆ ಫಲವೇನು? ಬೀಳುವ ಮುನ್ನ ಆಡಿದ ಮಾತಿಗೆ ಬೆಲೆಯುಂಟು. ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರಿನ ನಡುವಣ ರಸ್ತೆಯಲ್ಲಿ ಪತಿ ಚಿಕ್ಕಯ್ಯನವರೊಡನೆ ಸುಮಾರು 385 ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರನ್ನು ಇಲ್ಲಿ ನೆನೆಯಬೇಕು. 2019ರಲ್ಲಿ ಬಾಗೇಪಲ್ಲಿ ಹಲಗೂರು ರಸ್ತೆಯ ವಿಸ್ತರಣೆಯಿಂದ ಆ ಮರಗಳಿಗೆ ಕುತ್ತು ಬಂದಾಗ ಆ ವೃದ್ಧ ಮಾತೆ ಮುಖ್ಯಮಂತ್ರಿಗಳಲ್ಲಿ ಮೊರೆಯಿಟ್ಟರು. ಮರಗಳನ್ನು ಉಳಿಸುವ ಭರವಸೆ ಪಡೆದರು. 2025ರ ನವೆಂಬರಿನಲ್ಲಿ ಅವರು ನಮ್ಮನ್ನಗಲಿದರು. ಅಕ್ಷರ ಬಾರದ ಆ ತಾಯಿ ಮಾಡಿದುದನ್ನು ಓದುಬರಹ ಬಲ್ಲ ನಾವು ಒಂದು ಪುಟದ ಆಕ್ಷೇಪಣೆ ಬರೆದು ಮಾಡಲಾರೆವೇ?

ಕೊನೆಯದಾಗಿ ಒಂದು ಮಾತು. ಅಪ್ಪಣೆ ಪಡೆದು ಕಡಿದವನು ಅಧಿಕಾರಿ ಸೂಚಿಸಿದ ಸಂಖ್ಯೆಯ, ಸೂಚಿಸಿದ ಜಾತಿಯ ಸಸಿಗಳನ್ನು ನೆಡಲೇಬೇಕೆಂಬ ಕಟ್ಟಳೆಯೂ ಈ ಕಾಯಿದೆಯಲ್ಲಿದೆ. ಎಲ್ಲರೂ ಮರೆಯುವ ಕಟ್ಟಳೆ ಇದುವೇ. ಅಧಿಕಾರಿ ಮರಳಿ ಬಂದು ನೋಡದಿರಬಹುದು. ಆದರೆ ಬಯಲಾದ ಬದುವನ್ನು ದಿನವೂ ನೋಡುವವರು ನಮ್ಮ ಮಕ್ಕಳು. ಆದುದರಿಂದ ಮರದ ದುಡ್ಡು ಕೈಸೇರಿದ ವರ್ಷವೇ ಮುಂಗಾರಿಗೆ ಸಸಿ ನೆಡಬೇಕು. ಬೇಲಿ ಕಟ್ಟಬೇಕು, ಎರಡು ಬೇಸಿಗೆಯಾದರೂ ನೀರು ಹೊರಬೇಕು. ಈ ಕೆಲಸವನ್ನು ಮನೆಯ ಎಳೆಯರಿಗೆ ವಹಿಸಿದರೆ ಮರದೊಡನೆ ಅವರ ಹೊಣೆಗಾರಿಕೆಯೂ ಬೆಳೆಯುತ್ತದೆ.