ಕೃತಿಚೌರ್ಯದ ಬೇರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ವಿದ್ಯಾರ್ಥಿಗಳಿಗೆ ಸರಳ ಲೋಲಕದ ಪ್ರಯೋಗವನ್ನು ಮಾಡಿಸುವ ನಮಗೆ ಒಂದು ವಿಚಿತ್ರವು ಆಗಾಗ ಎದುರಾಗುವುದುಂಟು. ಹತ್ತಾರು ರೆಕಾರ್ಡು ಪುಸ್ತಕಗಳಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆಯು ಒಂದೇ ಸಮನೆ 981 ಎಂದಿರುತ್ತದೆ. ಭೂಮಧ್ಯರೇಖೆಗೆ ಸಮೀಪವಾದ ನಮ್ಮ ಸೀಮೆಯಲ್ಲಿ ಅದು ಸೆಕೆಂಡಿನ ವರ್ಗಕ್ಕೆ ಸುಮಾರು 978 ಸೆಂಟಿಮೀಟರು ಮಾತ್ರ. 981 ಎಂಬುದು ಲಂಡನ್ನಿನಂಥ ಉತ್ತರದ ಊರುಗಳ ಬೆಲೆ. ಮೇಲಾಗಿ ದಾರ, ಗುಂಡು, ಸ್ಟಾಪ್ ವಾಚುಗಳಿಂದ ಅಳೆದವರೆಲ್ಲರಿಗೂ ಒಂದೇ ಉತ್ತರ ಬರುವುದು ಅಸಂಭವ. ಲಂಡನ್ನಿನ ಗುರುತ್ವವು ಕೊಟ್ಟೂರಿಗೆ ಬಂದುದು ಹಿಂದಿನ ವರ್ಷದವರ ಪುಸ್ತಕದ ಮೂಲಕವೆಂಬುದು ಸ್ಪಷ್ಟವಷ್ಟೆ.

ಇದೇ ಅಭ್ಯಾಸವು ಬೆಳೆದು ಸಂಶೋಧನ ಪತ್ರಿಕೆಗಳನ್ನು ಹೊಕ್ಕಾಗ ಅದಕ್ಕೆ ಕೃತಿಚೌರ್ಯವೆಂದು ಹೆಸರು. ಪರರ ಮಾತನ್ನಾಗಲಿ, ಫಲಿತಾಂಶವನ್ನಾಗಲಿ, ವಿಚಾರವನ್ನಾಗಲಿ ಮೂಲವನ್ನು ಹೇಳದೆ ತನ್ನದೆಂದು ಒಪ್ಪಿಸುವುದೇ ಅದರ ಲಕ್ಷಣ. ಹಿರಿಯರ ಹೆಸರಿರುವಲ್ಲಿಯೂ ಎಚ್ಚರ ತಪ್ಪಬಹುದು. 2011ರಲ್ಲಿ ಬೆಂಗಳೂರಿನ ಪ್ರೊ. ಸಿ. ಎನ್. ಆರ್. ರಾವ್ ಅವರೂ ಸಂಗಡಿಗರೂ ‘ಅಡ್ವಾನ್ಸ್ಡ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಗ್ರಾಫೀನನ್ನು ಕುರಿತ ಪ್ರಬಂಧವೊಂದನ್ನು ಪ್ರಕಟಿಸಿದರು. ಅದರಲ್ಲಿನ ಕೆಲವು ವಾಕ್ಯಗಳು ‘ಅಪ್ಲೈಡ್ ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯ ಬೇರೊಂದು ಪ್ರಬಂಧದವೆಂದು ತಿಳಿದುಬಂದಿತು. ಪ್ರಯೋಗದ ಫಲಿತಾಂಶಗಳು ಅವರವೇ. ಎರವಲು ಬಂದುದು ಮಾತು ಮಾತ್ರ. ಲೇಖಕರು ವಿಷಾದವನ್ನು ಸೂಚಿಸಿದರು; ಪತ್ರಿಕೆಯು ಅದನ್ನು ಪ್ರಕಟಿಸಿತು; ಪ್ರಬಂಧವು ಉಳಿಯಿತು.

ಸಂಪಾದಕರು ನಡೆಯಬೇಕಾದ ಕ್ರಮವೂ ಇದೇ. ದೂರು ಬಂದೊಡನೆ ಎರಡು ಬರಹಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಲೇಖಕರಿಂದ ವಿವರಣೆಯನ್ನು ಕೇಳಬೇಕು. ಅಲ್ಪದೋಷಕ್ಕೆ ತಿದ್ದುಪಡಿ, ಮಹಾದೋಷಕ್ಕೆ ಪ್ರಬಂಧದ ಹಿಂತೆಗೆತ. ಹಿಂತೆಗೆದುದನ್ನೂ ಅದರ ಕಾರಣವನ್ನೂ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು; ಗುಟ್ಟಾಗಿ ಅಳಿಸಬಾರದು. ಇಲ್ಲವಾದರೆ ಅದನ್ನು ನಂಬಿ ಮುಂದುವರಿದವರಿಗೆ ಮೋಸವಾಗುತ್ತದೆ.

ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಇದಕ್ಕಾಗಿ ನಿಯಮಗಳನ್ನು ಮಾಡಿತು. ಮಹಾಪ್ರಬಂಧದಲ್ಲಿ ಇತರರ ಬರಹದೊಡನೆ ಸಾಮ್ಯವು ಶೇಕಡಾ 10ರವರೆಗಿದ್ದರೆ ದಂಡವಿಲ್ಲ. 40ರವರೆಗಾದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು. 60ರವರೆಗಾದರೆ ಒಂದು ವರ್ಷ ಒಪ್ಪಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಸಾಮ್ಯವನ್ನು ಅಳೆಯಲು ಗಣಕಯಂತ್ರದ ತಂತ್ರಾಂಶಗಳಿವೆ. ಆದರೆ ತಂತ್ರಾಂಶವು ಮುಖ್ಯವಾಗಿ ನೋಡುವುದು ಮಾತುಗಳ ಹೋಲಿಕೆಯನ್ನು. ಮಾತನ್ನು ಬದಲಿಸಿ ವಿಚಾರವನ್ನು ಕದ್ದವನು ಅದರ ಬಲೆಯಿಂದ ನುಣುಚಿಕೊಳ್ಳಬಲ್ಲನು. ಮೂಲವನ್ನು ಪ್ರಾಮಾಣಿಕವಾಗಿ ಹೇಳಿದವನೂ ಒಮ್ಮೊಮ್ಮೆ ಸಿಕ್ಕಿಬೀಳಬಹುದು. ಕೊನೆಯ ತೀರ್ಪನ್ನು ಮನುಷ್ಯನೇ ಓದಿ ಕೊಡಬೇಕು.

ಆದುದರಿಂದ ಮದ್ದನ್ನು ಬೇರಿಗೆ ಹಾಕುವುದೇ ಲೇಸು. ನಕಲು ಮಾಡಿದ 981ಕ್ಕೆ ಪೂರ್ಣ ಅಂಕವನ್ನು ಕೊಟ್ಟು, ತಾನೇ ಅಳೆದು 965 ಎಂದು ಬರೆದ ಹುಡುಗಿಯ ಅಂಕವನ್ನು ಕಡಿಮೆ ಮಾಡುವ ಅಧ್ಯಾಪಕರು ನಾವಾದರೆ, ಕಳವನ್ನು ಕಲಿಸಿದವರೂ ನಾವೇ. ಈಗ ನಾವು ಪ್ರಯೋಗಶಾಲೆಯಲ್ಲಿಯೇ, ಅಳತೆ ಮುಗಿದ ಕೂಡಲೆ, ಕಚ್ಚಾ ಹಾಳೆಗೆ ಸಹಿ ಹಾಕುತ್ತೇವೆ. ಉತ್ತರವು ಏಕೆ ತಪ್ಪಿತೆಂದು ಬರೆದವರಿಗೆ ಅಂಕವನ್ನೂ ಕೊಡುತ್ತೇವೆ. 965 ಎಂಬುದು ತಪ್ಪಿರಬಹುದು. ಆದರೆ ಅದು ಅವಳದೇ.