ಮನೆಯ ಬೆಕ್ಕಿನ ರೋಗನಿದಾನ

ನಮ್ಮ ವೈದ್ಯಶಾಸ್ತ್ರದಲ್ಲಿ 'ನಿದಾನ'ವೆಂಬ ಮಾತಿಗೆ ದೊಡ್ಡ ಸ್ಥಾನವಿದೆ. ರೋಗದ ಮೂಲವನ್ನು ಗೊತ್ತುಮಾಡಿಕೊಳ್ಳುವುದೇ ನಿದಾನ. ಮಾಧವಕರನು ಈ ಒಂದು ವಿಷಯಕ್ಕೇ ಮೀಸಲಾಗಿ ಬರೆದ ಗ್ರಂಥ 'ಮಾಧವನಿದಾನ'ವೆಂದು ಪ್ರಸಿದ್ಧವಾಗಿದೆ. ಆಡುಮಾತಿನಲ್ಲಿ ಇದನ್ನು ಮಹಾಪ್ರಾಣದ 'ನಿಧಾನ'ದೊಡನೆ ಬೆರೆಸುವುದುಂಟು. ಅದಕ್ಕೆ ಸಾವಕಾಶವೆಂದು ಅರ್ಥ. ಎರಡೂ ಬೇರೆ ಬೇರೆ ಮಾತುಗಳು. ಆದರೂ ಕಾಯಿಲೆಬಿದ್ದ ಬೆಕ್ಕನ್ನು ಮುಂದಿಟ್ಟುಕೊಂಡು ಕುಳಿತವರಿಗೆ ಇವೆರಡರ ಸಂಬಂಧ ತಿಳಿದಿರಬೇಕಾಗುತ್ತದೆ. ಎಲ್ಲಿ ನಿದಾನಕ್ಕೆ ನಿಧಾನ ಬೇಕು, ಎಲ್ಲಿ ನಿಧಾನವೇ ಪ್ರಾಣಕ್ಕೆ ಎರವಾಗುತ್ತದೆ ಎಂಬುದನ್ನು ಇಲ್ಲಿ ವಿಚಾರಮಾಡಬಹುದು.

ಪ್ರಾಣಿಗಳ ವೈದ್ಯ ನಮಗೆ ಹೊಸದಲ್ಲ. ಕುದುರೆಗೆ ಶಾಲಿಹೋತ್ರ, ಆನೆಗೆ ಪಾಲಕಾಪ್ಯ. ಕನ್ನಡದಲ್ಲಿಯೇ ಚಾಲುಕ್ಯವಂಶದ ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿದನು. ಹಾಲು ಕೊಡುವ, ಹೊರೆ ಹೊರುವ, ಯುದ್ಧಕ್ಕೆ ನಡೆಯುವ ಪ್ರಾಣಿಗಳಿಗೆ ಹೀಗೆ ಶಾಸ್ತ್ರಗಳಾದವು. ಬೆಕ್ಕು ಮಾತ್ರ ಒಲೆಯ ಮಗ್ಗುಲಲ್ಲೇ ಉಳಿಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗಳಲ್ಲಿ ಅದು ಅಟ್ಟದ ಇಲಿಗಾಗಿ ಇದ್ದ ಪ್ರಾಣಿ. ಮನೆಯವರು ಎರಡು ಹೊತ್ತು ಹಾಲನ್ನ ಹಾಕುವರು. ಮಿಕ್ಕದ್ದನ್ನು ಅದು ಕೊಟ್ಟಿಗೆಯಲ್ಲಿ, ತೋಟದಲ್ಲಿ, ಸೊಪ್ಪಿನ ಬೆಟ್ಟದಲ್ಲಿ ತಾನೇ ಸಂಪಾದಿಸಿಕೊಳ್ಳುವುದು. ಕಾಯಿಲೆಯಾದರೆ ಎಲ್ಲಿಯೋ ಹೋಗಿ ಮಲಗುವುದು. ತಿರುಗಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈಗ ಪೇಟೆಯ ಅನೇಕ ಮನೆಗಳಲ್ಲಿ ಬೆಕ್ಕು ಹೊಸಿಲು ದಾಟದೆ ಬೆಳೆಯುತ್ತದೆ. ವಾಹನ, ನಾಯಿಗಳ ಭಯದಿಂದ ಬಾಗಿಲು ಹಾಕಿಟ್ಟವರು ನಾವು. ಆದ್ದರಿಂದ ಅದರ ಅನ್ನ, ನೀರು, ರೋಗ ಮೂರೂ ನಮ್ಮ ಹೊಣೆಯಾಗಿವೆ.

ಬೆಕ್ಕಿನ ರೋಗವನ್ನು ಗುರುತಿಸುವುದು ಕಷ್ಟವೇಕೆ? ಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ತನಗಿಂತ ದೊಡ್ಡ ಪ್ರಾಣಿಗೆ ತಾನೇ ಬೇಟೆಯೂ ಆಗಬಲ್ಲುದು. ನಿಶ್ಶಕ್ತಿಯನ್ನು ಬಯಲಿಗೆ ತೋರಿದರೆ ಅದಕ್ಕೆ ಉಳಿವಿಲ್ಲ. ಆದಕಾರಣ ನೋವನ್ನು ಮರೆಮಾಚುವುದು ಅದರ ಹುಟ್ಟುಗುಣ. ದನ ಮೇವು ಬಿಟ್ಟರೆ ಕೊಟ್ಟಿಗೆಯವರಿಗೆ ಅಂದೇ ತಿಳಿಯುತ್ತದೆ. ಬೆಕ್ಕಾದರೋ ಮಂಚದ ಕೆಳಗೆ ಹೆಚ್ಚು ಹೊತ್ತು ಮಲಗುತ್ತದೆ, ಮೈ ನೆಕ್ಕಿಕೊಳ್ಳುವುದನ್ನು ಕಡಿಮೆಮಾಡುತ್ತದೆ, ಹಾರುತ್ತಿದ್ದ ಕಿಟಕಿಗೆ ಹಾರುವುದಿಲ್ಲ, ಅಷ್ಟೆ. ಇನ್ನು ಒಂದೇ ಲಕ್ಷಣಕ್ಕೆ ಕಾರಣಗಳು ಹಲವು. ಹೆಚ್ಚು ನೀರು ಕುಡಿಯುವುದು ಮೂತ್ರಪಿಂಡದ ದೋಷದಿಂದ ಆಗಬಹುದು, ಸಕ್ಕರೆ ಕಾಯಿಲೆಯಿಂದ ಆಗಬಹುದು, ಮುದಿ ಬೆಕ್ಕಿನಲ್ಲಿ ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆಯಿಂದಲೂ ಆಗಬಹುದು. ವಾಂತಿಗಂತೂ ನುಂಗಿದ ದಾರದಿಂದ ಹಿಡಿದು ಮರಿಗಳನ್ನು ಕೊಲ್ಲುವ ಪ್ಯಾನ್‌ಲ್ಯೂಕೋಪೀನಿಯಾ ಎಂಬ ಸಾಂಕ್ರಾಮಿಕದವರೆಗೆ ಹತ್ತಾರು ಕಾರಣಗಳುಂಟು.

ಲಕ್ಷಣವನ್ನು ನೋಡಿ ಹೆಸರಿಟ್ಟರೆ ಸಾಲದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ನಿದರ್ಶನವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಜನರಿಗೆ ವಿಷಮ ಜ್ವರ ಬಂದಾಗ, ಮಂಗಗಳು ಸತ್ತದ್ದನ್ನು ಕಂಡು ಇದು ಹಳದಿ ಜ್ವರವೋ ಎಂಬ ಸಂಶಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ಸನ್ನು ಬೇರ್ಪಡಿಸಿ ಪರೀಕ್ಷಿಸಿದ ಮೇಲೆ, ಇದು ಉಣುಗಿನಿಂದ ಹರಡುವ ಬೇರೆಯೇ ರೋಗವೆಂದು ಸಿದ್ಧವಾಯಿತು. ಸಿದ್ದಾಪುರದ ಕಡೆಯವರಿಗೆ ಈ ಮಂಗನಕಾಯಿಲೆಯ ವಿಷಯ ಹೇಳಿಕೊಡಬೇಕಾಗಿಲ್ಲ. ಹಳದಿ ಜ್ವರವೆಂದೇ ನಂಬಿದ್ದರೆ ಉಣುಗನ್ನು ಬಿಟ್ಟು ಸೊಳ್ಳೆಯ ಬೆನ್ನು ಹತ್ತಬೇಕಾಗುತ್ತಿತ್ತು. ಬೆಕ್ಕಿನ ಕಾಯಿಲೆ ಅಷ್ಟು ದೊಡ್ಡ ಸಂಗತಿಯಲ್ಲ. ಆದರೆ ತರ್ಕ ಒಂದೇ.

ನಿದಾನದ ಅರ್ಧ ಕೆಲಸ ಮನೆಯಲ್ಲೇ ಆಗಬೇಕು. ಮಾತು ಬಾರದ ರೋಗಿಯ ಪರವಾಗಿ ಸಾಕ್ಷಿ ಹೇಳುವವರು ಮನೆಯವರು. 'ಎರಡು ದಿನದಿಂದ ಸಪ್ಪಗಿದೆ' ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಒಂದು ಪುಸ್ತಕದಲ್ಲಿ ದಿನಕ್ಕೆ ಎಷ್ಟು ತಿಂದಿತು, ಎಷ್ಟು ಸಲ ಮೂತ್ರಮಾಡಿತು, ಮಲ ಹೇಗಿತ್ತು, ವಾಂತಿ ಉಂಡ ಕೂಡಲೇ ಆಯಿತೋ ತಡವಾಗಿ ಆಯಿತೋ ಎಂದು ಬರೆದಿಡಬೇಕು. ಬೆಕ್ಕು ಮಲಗಿದ್ದಾಗ ಒಂದು ನಿಮಿಷದ ಉಸಿರನ್ನು ಎಣಿಸಬೇಕು. ಮೂವತ್ತನ್ನು ಮೀರಿ ನಿತ್ಯವೂ ನಡೆಯುತ್ತಿದ್ದರೆ ಹೃದಯ, ಪುಪ್ಪುಸಗಳ ಕಡೆ ಗಮನ ಕೊಡಬೇಕಾಗುತ್ತದೆ. ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಅನಂತರ ನಮ್ಮ ತೂಕವನ್ನು ಕಳೆಯಬಹುದು. ನಾಲ್ಕು ಕಿಲೋ ಬೆಕ್ಕು ನಾನೂರು ಗ್ರಾಂ ಇಳಿದರೆ, ಅದು ಅರವತ್ತು ಕಿಲೋ ಮನುಷ್ಯನು ಆರು ಕಿಲೋ ಇಳಿದಂತೆ. ಕೆಮ್ಮು, ನಡುಕ, ಕುಂಟು ಮೊದಲಾದವು ಆಸ್ಪತ್ರೆಯ ಮೇಜಿನ ಮೇಲೆ ಕಾಣಿಸುವುದಿಲ್ಲ. ಅವುಗಳನ್ನು ಮೊಬೈಲ್ ಫೋನಿನಲ್ಲಿ ಚಿತ್ರಿಸಿಕೊಂಡು ಹೋದರೆ ನೂರು ಮಾತಿನ ವರ್ಣನೆ ಉಳಿಯುತ್ತದೆ.

ಆಹಾರದ ವಿಷಯವನ್ನು ನಮ್ಮ ಸೀಮೆಯವರು ವಿಶೇಷವಾಗಿ ಗಮನಿಸಬೇಕು. ಇಲ್ಲಿ ಸಸ್ಯಾಹಾರದ ಮನೆಗಳು ಬಹಳ. ಬೆಕ್ಕಿಗೆ ಹಾಲನ್ನ, ಮೊಸರನ್ನ ಹಾಕುವುದು ವಾಡಿಕೆ. ಹೊರಗೆ ತಿರುಗುವ ಬೆಕ್ಕು ಇಲಿ ಹಿಡಿದು ಕೊರತೆಯನ್ನು ತುಂಬಿಕೊಳ್ಳುತ್ತಿತ್ತು. ಒಳಗೇ ಇರುವ ಬೆಕ್ಕಿಗೆ ಆ ದಾರಿ ಮುಚ್ಚಿದೆ. ಟಾರಿನ್ ಎಂಬ ಪದಾರ್ಥ ಮಾಂಸ, ಮೀನುಗಳಲ್ಲಿ ಇದೆ, ಧಾನ್ಯಗಳಲ್ಲಿ ಇಲ್ಲ. ಮನುಷ್ಯನ ದೇಹ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಸಾಕಾಗುವಷ್ಟು ಮಾಡಿಕೊಳ್ಳುವ ಶಕ್ತಿಯಿಲ್ಲ. ಹಾಲಿನ ಪ್ರೋಟೀನಾದ ಕೇಸೀನನ್ನೇ ಆಧಾರವಾಗಿ ಕೊಟ್ಟ ಬೆಕ್ಕುಗಳಲ್ಲಿ ಟಾರಿನ್ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ನಾಶವಾಗುವುದೆಂದು ಅಮೆರಿಕದ ವಿಜ್ಞಾನಿಗಳು 1975ರಲ್ಲಿ ತೋರಿಸಿದರು. ಇದೇ ಕೊರತೆಯಿಂದ ಹೃದಯದ ಸ್ನಾಯು ಸಡಿಲಾಗುವುದೆಂದೂ, ಟಾರಿನ್ ಕೊಟ್ಟರೆ ಅದು ಚೇತರಿಸಿಕೊಳ್ಳಬಲ್ಲುದೆಂದೂ ಕ್ಯಾಲಿಫೋರ್ನಿಯಾದಲ್ಲಿ 1987ರಲ್ಲಿ ಕಂಡುಬಂದಿತು. ಕೆಟ್ಟ ಕಣ್ಣು ಹಿಂದಿರುಗುವುದಿಲ್ಲ. ಹೃದಯ ಮಾತ್ರ ಹಿಂದಿರುಗಬಹುದು. ಹಾಲನ್ನ ಉಂಡು ಬೆಳೆದ ಬೆಕ್ಕು ಏದುಸಿರು ಬಿಡುತ್ತಿದ್ದರೆ, ಅದು ಏನು ತಿನ್ನುತ್ತದೆಂಬುದನ್ನು ವೈದ್ಯರಿಗೆ ಮೊದಲು ಹೇಳಬೇಕು. ಕೇಳದೆ ಹೇಳಲು ಸಂಕೋಚಪಡಬಾರದು. ಅಡಿಗೆಮನೆಗೆ ಮಾಂಸ ತರಲೊಲ್ಲದವರಿಗೂ ಉಪಾಯವಿದೆ: ಬೆಕ್ಕಿನ ಪೂರ್ಣಾಹಾರವೆಂದು ಪೊಟ್ಟಣದಲ್ಲಿ ಸಿಕ್ಕುವುದಕ್ಕೆ ಟಾರಿನ್ ಸೇರಿಸಿರುತ್ತಾರೆ. ಹಾಗೆಯೇ ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ. ತಿಂಗಳುಗಟ್ಟಲೆ ಮದ್ದು ತಿನ್ನಿಸಿದ ಭೇದಿ, ಹಾಲು ನಿಲ್ಲಿಸಿದೊಡನೆ ನಿಲ್ಲುವುದುಂಟು.

ಇನ್ನು ನಿಧಾನ ಸಲ್ಲದ ಸಂದರ್ಭಗಳು. ಗಂಡು ಬೆಕ್ಕು ಪದೇ ಪದೇ ಕುಳಿತು ಮುಕ್ಕಿರಿದರೂ ಮೂತ್ರ ಬಾರದಿದ್ದರೆ, ಮನೆಯವರು ಅದನ್ನು ಮಲಬದ್ಧತೆಯೆಂದು ಭಾವಿಸಿ ಎಣ್ಣೆ ಕುಡಿಸುವುದುಂಟು. ಮೂತ್ರನಾಳ ಕಟ್ಟಿಕೊಂಡ ಬೆಕ್ಕು ಎರಡು ಮೂರು ದಿನಗಳಲ್ಲಿ ಸಾಯಬಹುದು. ಅದನ್ನು ಆ ಗಂಟೆಯೇ ಒಯ್ಯಬೇಕು. ಬಾಯಿ ತೆರೆದು ಉಸಿರಾಡುವ ಬೆಕ್ಕೂ ಹಾಗೆಯೇ. ಕೊಬ್ಬಿದ ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಬೇರೊಂದು ರೋಗವೇ ಹುಟ್ಟುತ್ತದೆ. ಒಂದು ಹಗಲು ಒಂದು ರಾತ್ರಿ ಏನನ್ನೂ ಮುಟ್ಟದಿದ್ದರೆ ಕಾಯಬಾರದು. ಮೈ ಬಿಸಿಯೆಂದು ಮನುಷ್ಯರ ಪ್ಯಾರಾಸಿಟಮಾಲ್ ಕೊಡುವುದು ಘಾತುಕ: ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು. ಬೆಕ್ಕಿನ ಸಹಜ ಉಷ್ಣವೇ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಎಂಬುದನ್ನು ನೆನಪಿಡಬೇಕು. ನಾಯಿಯ ಉಣುಗಿಗೆ ಹಾಕುವ ಪರ್ಮೆತ್ರಿನ್ ಬೆಕ್ಕಿಗೆ ವಿಷ. ಇಂಥದು ಅಥವಾ ಇಲಿಪಾಷಾಣ ತಗಲಿದ ಶಂಕೆಯಿದ್ದರೆ, ಆ ಪೊಟ್ಟಣವನ್ನೇ ವೈದ್ಯರ ಮುಂದಿಡಬೇಕು.

ಮೂರು ತಾಲ್ಲೂಕುಗಳಲ್ಲಿಯೂ ಸರಕಾರದ ಪಶು ಆಸ್ಪತ್ರೆಗಳಿವೆ. ಅಲ್ಲಿನ ವೈದ್ಯರ ದಿನದ ಬಹುಭಾಗ ದನ ಎಮ್ಮೆಗಳಿಗೆ ಸಲ್ಲುತ್ತದೆ. ಸೀಮೆಯ ಅಗತ್ಯವೂ ಅದೇ. ಅವರನ್ನು ಮೊದಲು ಕಾಣುವುದೇ ಸರಿ. ಬಾಯಿ, ಕಣ್ಣು, ಹೊಟ್ಟೆ, ಹೃದಯಗಳನ್ನು ನೋಡಿದ ಮೇಲೆ ರಕ್ತ, ಮೂತ್ರಗಳ ಪರೀಕ್ಷೆಯ ಪ್ರಶ್ನೆ ಬರುತ್ತದೆ. ಇಲ್ಲಿ ಎಚ್ಚರ ಬೇಕು. ಸಣ್ಣ ಊರಿನಲ್ಲಿ ರಕ್ತವನ್ನು ಮನುಷ್ಯರ ಪ್ರಯೋಗಶಾಲೆಗೆ ಕೊಡುವ ಸಂದರ್ಭ ಬರಬಹುದು. ಆ ಯಂತ್ರ ಮನುಷ್ಯನ ರಕ್ತಕಣಗಳ ಅಳತೆಗೆ ಹೊಂದಿಸಿದ್ದು. ಬೆಕ್ಕಿನ ಕೆಂಪು ಕಣಗಳು ಚಿಕ್ಕವು, ಪ್ಲೇಟ್‌ಲೆಟ್‌ಗಳು ದೊಡ್ಡವು. ಯಂತ್ರ ಒಂದನ್ನು ಇನ್ನೊಂದೆಂದು ಎಣಿಸಬಹುದು. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ತಪ್ಪು ತಿಳಿಯುತ್ತದೆ. ವರದಿಯ ಬಲಗಡೆ ಅಚ್ಚಾದ 'ಸಾಮಾನ್ಯ ಮಿತಿ'ಯೂ ಮನುಷ್ಯನದೇ. ಕ್ರಿಯಾಟಿನಿನ್ 1.5 ಇದ್ದರೆ ಅಲ್ಲಿ 'ಹೆಚ್ಚು' ಎಂದು ಗುರುತು ಬೀಳುತ್ತದೆ. ಆರೋಗ್ಯವಾದ ಬೆಕ್ಕಿನಲ್ಲಿಯೂ ಅಷ್ಟು ಇರಬಹುದು. ಇದಕ್ಕೆ ವಿರುದ್ಧವಾಗಿ, ಮೂತ್ರಪಿಂಡದ ಮುಕ್ಕಾಲು ಭಾಗ ಕೆಡುವವರೆಗೂ ಕ್ರಿಯಾಟಿನಿನ್ ಏರದಿರಬಹುದು; ಮೂತ್ರ ನೀರಾಗುವುದು ಅದಕ್ಕೆ ಮೊದಲೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ರಕ್ತದ ಜೊತೆಗೆ ಮೂತ್ರದ ಸಾಂದ್ರತೆಯನ್ನೂ ನೋಡಿಸಬೇಕು. ಸಕ್ಕರೆಯ ವಿಷಯದಲ್ಲಿ ಮತ್ತೊಂದು ತೊಡಕು: ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ತಾನಾಗಿಯೇ ಏರುತ್ತದೆ. ಬುಟ್ಟಿಯಲ್ಲಿ ಕುಲುಕಿಕೊಂಡು ಬಂದ ಬೆಕ್ಕಿಗೆ ಒಂದು ಪರೀಕ್ಷೆಯಿಂದಲೇ ಸಕ್ಕರೆ ಕಾಯಿಲೆಯೆಂದು ಹೇಳಲಾಗದು. ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡಬೇಕು, ಇಲ್ಲವೆ ಕೆಲವು ವಾರಗಳ ಸರಾಸರಿ ತೋರಿಸುವ ಫ್ರಕ್ಟೋಸಮಿನ್ ಪರೀಕ್ಷೆಯಾಗಬೇಕು.

ಈ ತೊಡಕುಗಳನ್ನು ಬಲ್ಲವರು ಪಶುವೈದ್ಯರೇ. ಆದ್ದರಿಂದ ವರದಿಯನ್ನು ನಾವೇ ಓದಿ ತೀರ್ಮಾನಿಸದೆ ಅವರಲ್ಲಿ ವಿನಯದಿಂದ ಮೂರು ಪ್ರಶ್ನೆ ಕೇಳಬಹುದು. ತಮಗೆ ಯಾವ ರೋಗದ ಸಂಶಯವಿದೆ, ಮತ್ತೇನಿರಬಹುದು? ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಯಾವುದು? ಈ ಔಷಧದಿಂದ ಎಷ್ಟು ದಿನದಲ್ಲಿ ಗುಣ ಕಾಣಬೇಕು, ಕಾಣದಿದ್ದರೆ ಮುಂದೇನು? ಎಲ್ಲ ಪರೀಕ್ಷೆಗೂ ಹಣ ಹೊಂದಿಸಲು ಎಲ್ಲರಿಗೂ ಆಗದು. ಊಹೆಯ ಮೇಲೆ ಔಷಧ ಕೊಟ್ಟು ನೋಡುವುದೂ ಒಂದು ಕ್ರಮವೇ. ಆದರೆ ಅದಕ್ಕೆ ಅವಧಿ ಗೊತ್ತಿರಬೇಕು. ಸ್ಟೀರಾಯ್ಡ್ ಚುಚ್ಚಿದೊಡನೆ ಬೆಕ್ಕು ಎದ್ದು ತಿನ್ನಬಹುದು. ಅದರಿಂದ ರೋಗ ಹೋಯಿತೆಂದಾಗಲಿ, ಗೊತ್ತಾಯಿತೆಂದಾಗಲಿ ಅರ್ಥವಲ್ಲ. ಅದು ಮುಂದಿನ ಪರೀಕ್ಷೆಗಳ ಫಲವನ್ನು ಮರೆಮಾಡಲೂಬಹುದು. ಮೊದಲ ರಕ್ತ ತೆಗೆಯುವುದು ಚುಚ್ಚುಮದ್ದಿಗೆ ಮುಂಚೆಯಾದರೆ ಒಳಿತು.

ಸ್ಥಳದಲ್ಲಿ ಬಗೆಹರಿಯದಿದ್ದರೆ ದೊಡ್ಡ ಊರಿಗೆ ಹೋಗಬೇಕಾಗುತ್ತದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಸಿದ್ದಾಪುರದವರಿಗೆ ಸಾಗರದ ಮಾರ್ಗ. ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರ. ಬೆಂಗಳೂರಿನ ಹೆಬ್ಬಾಳದ ಕಾಲೇಜು 1958ರಿಂದ ನಡೆಯುತ್ತಿದೆ. ಹೊರಡುವ ಮುನ್ನ ಸ್ಥಳೀಯ ವೈದ್ಯರಿಂದ ಪತ್ರ, ಹಿಂದಿನ ವರದಿಗಳು, ಕೊಟ್ಟ ಔಷಧಗಳ ಹೆಸರು ಇವನ್ನು ಪಡೆದುಕೊಂಡರೆ ಅಲ್ಲಿನವರು ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ. ಬೆಕ್ಕನ್ನು ಮುಚ್ಚಳದ ಬುಟ್ಟಿಯಲ್ಲಿ, ಅದು ಮಲಗುವ ಹಳೆಯ ಬಟ್ಟೆಯ ಮೇಲಿಟ್ಟು, ಮೇಲೊಂದು ಪಂಚೆ ಹೊದಿಸಿದರೆ ಹೆದರಿಕೆ ಕಡಿಮೆಯಾಗುತ್ತದೆ.

ಒಂದು ರೋಗದಲ್ಲಿ ಮಾತ್ರ ಜೀವವಿರುವಾಗ ಖಚಿತ ನಿದಾನ ಸಾಧ್ಯವಿಲ್ಲ. ಅದು ಹುಚ್ಚು, ಅಂದರೆ ರೇಬೀಸ್. ಸತ್ತ ಪ್ರಾಣಿಯ ಮೆದುಳನ್ನು ಪರೀಕ್ಷಿಸಿಯೇ ಅದನ್ನು ಸ್ಥಿರಪಡಿಸುತ್ತಾರೆ. ಶಾಂತವಾಗಿದ್ದ ಬೆಕ್ಕು ವಿಕಾರವಾಗಿ ವರ್ತಿಸಿ ಕಚ್ಚಿದರೆ ಅಥವಾ ಪರಚಿದರೆ, ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು, ಕೂಡಲೇ ಮನುಷ್ಯರ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಬೆಕ್ಕಿನ ಗತಿ ಏನಾಗುವುದೋ ನೋಡೋಣವೆಂದು ಕಾಯುವುದು ತರವಲ್ಲ. ರೇಬೀಸಿಗೂ ಪ್ಯಾನ್‌ಲ್ಯೂಕೋಪೀನಿಯಾಕ್ಕೂ ಬೆಕ್ಕಿಗೆ ಲಸಿಕೆಗಳಿವೆ. ಮನೆಯೊಳಗಿನ ಬೆಕ್ಕಿಗೂ ಹಾಕಿಸಬೇಕು.

ಸರಿಯಾದ ನಿದಾನವಾದ ಮಾತ್ರಕ್ಕೆ ಎಲ್ಲ ಬೆಕ್ಕುಗಳೂ ಬದುಕುವುದಿಲ್ಲ. ಮುದಿ ಬೆಕ್ಕಿನ ಮೂತ್ರಪಿಂಡ ಮತ್ತೆ ಹೊಸದಾಗದು. ಆದರೆ ಏನೆಂದು ಗೊತ್ತಾದಲ್ಲಿ ಬೇಡದ ಔಷಧ, ಬೇಡದ ಖರ್ಚು, ಬೇಡದ ನೋವು ಇವು ಮೂರೂ ತಪ್ಪುತ್ತವೆ. ಉಳಿದ ದಿನಗಳನ್ನು ಅದಕ್ಕೆ ಹಿತವಾಗುವಂತೆ ಮಾಡಲು ಬರುತ್ತದೆ. ಈ ತಿಂಗಳಿನಿಂದಲೇ ಒಂದು ಸಣ್ಣ ಪುಸ್ತಕ ತೆಗೆದು, ಮನೆಯ ಬೆಕ್ಕಿನ ತೂಕವನ್ನೂ ಆಹಾರವನ್ನೂ ಬರೆಯಲು ತೊಡಗಿದರೆ, ಕಾಯಿಲೆ ಬಂದ ದಿನ ವೈದ್ಯರಿಗೆ ಹೇಳಲು ನಮ್ಮಲ್ಲಿ ಏನಾದರೂ ಇರುತ್ತದೆ.